ಅಲುಗಾಡಿದ ಟೈಲ್ಸ್

2004ರ ಆಗಸ್ಟ್ 16. ಅಥೆನ್ಸ್ ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಅರ್ಹತಾ ಸುತ್ತು ಮುಗಿದಾಗ, ಭಾರತದ 21 ವರ್ಷದ ಶೂಟರ್ ಅಭಿನವ್ ಬಿಂದ್ರಾ ಮೂರನೆಯ ಸ್ಥಾನದಲ್ಲಿದ್ದರು. ಅರವತ್ತು ಗುಂಡು, ಒಟ್ಟು ಅಂಕ 600. ಅವರ ಗಳಿಕೆ 597. ಅರವತ್ತು ಸಲ ಟ್ರಿಗರ್ ಒತ್ತಿ ಕಳೆದುಕೊಂಡದ್ದು ಮೂರೇ ಅಂಕ. ಎಂಟು ಮಂದಿಯ ಫೈನಲ್‌ನಲ್ಲಿ ಇನ್ನು ಹೊಡೆಯಬೇಕಾಗಿದ್ದದ್ದು ಹತ್ತು ಗುಂಡು. ಪದಕ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಆ ಹತ್ತು ಗುಂಡುಗಳು ಎಲ್ಲವನ್ನೂ ತಿರುವುಮುರುವು ಮಾಡಿದವು. ಫೈನಲ್‌ನಲ್ಲಿ ಪ್ರತಿ ಗುಂಡಿಗೂ ದಶಮಾಂಶದ ಲೆಕ್ಕ. ಅತಿ ಹೆಚ್ಚೆಂದರೆ 10.9. ಪದಕ ಬೇಕೆನ್ನುವವರು ಹತ್ತರ ಮೇಲೆಯೇ ನಿಲ್ಲಬೇಕು. ಬಿಂದ್ರಾ ಅವರ ಹತ್ತು ಗುಂಡುಗಳ ಮೊತ್ತ 97.6. ಮೂರನೆಯ ಸ್ಥಾನದಿಂದ ಏಳನೆಯದಕ್ಕೆ ಜಾರಿದರು. ಚೀನಾದ ಝು ಚಿನಾನ್ ಚಿನ್ನ ಗೆದ್ದರು.

ಸೋಲಿಗಿಂತ ಹೆಚ್ಚು ಕಾಡಿದ್ದು ಅದರ ಒಗಟು. ನಿಲುವು, ಉಸಿರು, ಬೆರಳು ಎಲ್ಲವೂ ಸರಿಯಾಗಿಯೇ ಇದ್ದವೆಂದು ಅವರಿಗೆ ಅನಿಸಿತ್ತು. ಹಾಗಿದ್ದರೆ ಗುಂಡುಗಳು ಹಾದಿ ತಪ್ಪಿದ್ದೇಕೆ? ಕೈ ನಡುಗಿತೇ, ಮನಸ್ಸು ನಡುಗಿತೇ? ತಿಂಗಳುಗಳು ಕಳೆದವು, ಉತ್ತರ ಸಿಗಲಿಲ್ಲ.

ಕೊನೆಗೆ ಸುಳಿವು ಬಂದದ್ದು ಯಾರೂ ಹುಡುಕದ ಜಾಗದಿಂದ. ಫೈನಲ್‌ನಲ್ಲಿ ಬಿಂದ್ರಾ ನಿಂತಿದ್ದ ಲೇನ್‌ನ ನೆಲದ ಟೈಲ್ಸ್ ಸಡಿಲವಾಗಿತ್ತು ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ಅವರು ಕೋವಿಯನ್ನು ಅನುಮಾನಿಸಿದ್ದರು, ತಮ್ಮನ್ನೇ ಅನುಮಾನಿಸಿಕೊಂಡಿದ್ದರು. ಕಾಲಡಿಯ ನೆಲ ಮಾತ್ರ ಅನುಮಾನಕ್ಕೆ ಸಿಕ್ಕಿರಲಿಲ್ಲ.

ದುರದೃಷ್ಟವೆಂದು ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಬಿಂದ್ರಾ ಬಿಡಲಿಲ್ಲ. ಚಂಡೀಗಢದ ಬಳಿ ತಂದೆ ಅವರಿಗಾಗಿ ಕಟ್ಟಿಸಿಕೊಟ್ಟಿದ್ದ ಶೂಟಿಂಗ್ ರೇಂಜ್ ಇತ್ತು. ಅಲ್ಲಿ ಬೇಕೆಂದೇ ಸಡಿಲವಾದ ಟೈಲ್ಸ್ ಹಾಕಿಸಿ, ಅದರ ಮೇಲೆ ನಿಂತು ಗುರಿ ಹಿಡಿದರು. ಅಲ್ಲಿಯವರೆಗಿನ ಅಭ್ಯಾಸವೆಲ್ಲ ಪರಿಪೂರ್ಣತೆಗಾಗಿ ನಡೆದಿತ್ತು. ಈಗ ಕೊರತೆಯೂ ಅಭ್ಯಾಸದ ಪಾಠವಾಯಿತು. ನೆಲ ಅಲುಗಿದಾಗ ದೇಹ ಹೇಗೆ ತನ್ನನ್ನು ಸರಿಪಡಿಸಿಕೊಳ್ಳುತ್ತದೆ, ಯಾವ ಗಳಿಗೆಯಲ್ಲಿ ಕೋವಿಯನ್ನು ಇಳಿಸಿ ಮತ್ತೆ ಎತ್ತಬೇಕು ಎಂಬುದನ್ನು ಮೊದಲಿನಿಂದ ಕಲಿಯಬೇಕಾಯಿತು.

ಅಷ್ಟರಲ್ಲಿ ದೇಹವೇ ಕೈಕೊಟ್ಟಿತು. ಬೆನ್ನುನೋವು ವಿಪರೀತಕ್ಕೇರಿ ಬಹುಕಾಲ ಕೋವಿ ಎತ್ತುವುದೇ ಅಸಾಧ್ಯವಾಯಿತು. ಚೇತರಿಸಿಕೊಂಡು 2006ರಲ್ಲಿ ಜಾಗ್ರೆಬ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಮತ್ತೆ ನೋವು ಮರುಕಳಿಸಿ ಅದೇ ವರ್ಷದ ದೋಹಾ ಏಷ್ಯನ್ ಕ್ರೀಡಾಕೂಟ ಕೈತಪ್ಪಿತು. ಆದರೂ ಬೀಜಿಂಗ್ ಒಲಿಂಪಿಕ್ಸ್‌ನ ತಯಾರಿ ನಿಲ್ಲಲಿಲ್ಲ. ಒಲಿಂಪಿಕ್ಸ್‌ನ ವಿಶಾಲ ಸಭಾಂಗಣ ಹೊಸದೆನಿಸಬಾರದೆಂದು ಮದುವೆ ಮಂಟಪವೊಂದನ್ನು ಬಾಡಿಗೆಗೆ ಹಿಡಿದು ಅಭ್ಯಾಸ ಮಾಡಿದರು. ಜರ್ಮನಿಯಲ್ಲಿ ನಲವತ್ತು ಅಡಿ ಎತ್ತರದ ಕಂಬ ಹತ್ತಿದರು. ಅದರ ತುದಿಯಲ್ಲಿ ನಿಲ್ಲಲು ಇದ್ದದ್ದು ಒಂದು ಪುಟ್ಟ ಹಲಗೆ. ಅರ್ಧ ದಾರಿಯಲ್ಲಿ ಇನ್ನಾಗದು ಎನಿಸಿತು. ನಡುಗುತ್ತಲೇ ಮೇಲೇರಿ ನಿಂತರು. ಹೆದರಿಕೆ ಹೋಗಿರಲಿಲ್ಲ, ಹೆದರಿಕೆಯನ್ನು ಇಟ್ಟುಕೊಂಡೇ ಕೆಲಸ ಮಾಡಬಹುದೆಂದು ಗೊತ್ತಾಗಿತ್ತು.

2008ರ ಆಗಸ್ಟ್ 11, ಬೀಜಿಂಗ್. ಅರ್ಹತಾ ಸುತ್ತಿನಲ್ಲಿ 596 ಅಂಕ, ನಾಲ್ಕನೆಯ ಸ್ಥಾನ. ಫೈನಲ್‌ಗೆ ಮುನ್ನ ಗುರಿ ಸರಿನೋಡಲು ಹೊಡೆದ ಮೊದಲ ಗುಂಡು ಹತ್ತರ ಹತ್ತಿರವೂ ಸುಳಿಯದೆ ನಾಲ್ಕಕ್ಕೆ ಹೋಯಿತು. ಕೋವಿಯ ಸೈಟ್ ತನ್ನ ಜಾಗದಿಂದ ಸರಿದಿತ್ತು. ಉಳಿದಿದ್ದದ್ದು ಕೆಲವೇ ನಿಮಿಷ. ಯಾರು, ಏಕೆ, ಹೇಗೆ ಎಂದು ಕೇಳುತ್ತ ಕೂರಲು ಅದು ಹೊತ್ತಲ್ಲ. ಸೈಟ್‌ನ ತಿರುಪನ್ನು ತಿರುಗಿಸಿ, ಹೊಡೆದು, ನೋಡಿ, ಮತ್ತೆ ತಿರುಗಿಸಿ ಗುರಿಯನ್ನು ನಡುವಿಗೆ ತಂದುಕೊಂಡರು. ಅಥೆನ್ಸ್‌ನ ಪಾಠ ಕೈಗೆ ಬಂದದ್ದು ಆ ನಿಮಿಷಗಳಲ್ಲಿ: ಎಡವಟ್ಟು ಆಗಿಯೇ ಆಗುತ್ತದೆಂದು ಮೊದಲೇ ಒಪ್ಪಿಕೊಂಡವರಿಗೆ, ಅದು ಎದುರಾದಾಗ ದಿಗಿಲಾಗುವುದಿಲ್ಲ.

ಲೆಕ್ಕಕ್ಕೆ ಸೇರಿದ ಮೊದಲ ಗುಂಡು 10.7. ಆಮೇಲೆ ಒಂದೂ ಹತ್ತರ ಕೆಳಗೆ ಇಳಿಯಲಿಲ್ಲ. ಒಂಬತ್ತು ಗುಂಡು ಮುಗಿದಾಗ ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಮತ್ತು ಬಿಂದ್ರಾ ಇಬ್ಬರದೂ ಅರ್ಹತಾ ಸುತ್ತಿನ ಅಂಕ ಸೇರಿ 689.7, ಸರಿಸಮ. ಉಳಿದದ್ದು ತಲಾ ಒಂದೇ ಗುಂಡು. ಹಕ್ಕಿನೆನ್ ಅವರದು 9.7ಕ್ಕೆ ಜಾರಿತು. ಬಿಂದ್ರಾ ಅವರದು 10.8. ಒಟ್ಟು 700.5. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತದ ಮೊದಲ ಒಲಿಂಪಿಕ್ ಚಿನ್ನ ಅದು. 699.7 ಅಂಕದೊಂದಿಗೆ ಎರಡನೆಯವರಾದವರು ಅಥೆನ್ಸ್‌ನಲ್ಲಿ ಗೆದ್ದಿದ್ದ ಅದೇ ಝು ಚಿನಾನ್.

ಒಂದು ಟೈಲ್ಸ್ ಇಷ್ಟೆಲ್ಲ ಮಾಡಬಲ್ಲದೇ? ಗುರಿಯ ನಡುವಿನ ಹತ್ತರ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಅದರ ಸುತ್ತ ಪ್ರತಿ ಬಳೆಯ ಅಗಲ ಎರಡೂವರೆ ಮಿಲಿಮೀಟರ್. ಒಂದು ಮೀಟರ್ ಉದ್ದಕ್ಕೆ ಕೋವಿ ಕಾಲು ಮಿಲಿಮೀಟರ್ ಓರೆಯಾದರೆ, ಹತ್ತು ಮೀಟರ್ ಆಚೆ ಗುಂಡು ಒಂದು ಪೂರ್ತಿ ಬಳೆಯಷ್ಟು ಪಕ್ಕಕ್ಕೆ ಬೀಳುತ್ತದೆ. ಶೂಟರ್ ಕೋವಿಯನ್ನು ತೋಳಿನ ಬಲದಿಂದ ಎತ್ತಿ ಹಿಡಿಯುವುದಿಲ್ಲ. ಮೊಣಕೈಯನ್ನು ಸೊಂಟದ ಮೂಳೆಗೆ ಊರಿ, ಭಾರವನ್ನು ಕಾಲಿನ ಮೂಳೆಗಳ ಮೂಲಕ ನೆಲಕ್ಕೆ ಇಳಿಸುತ್ತಾರೆ. ಭಾರ ಇಳಿಯುವ ದಾರಿಯಲ್ಲೇ ನೆಲದ ಅದುರುವಿಕೆ ಮೇಲೇರಿ ನಳಿಕೆಯನ್ನು ತಲುಪುತ್ತದೆ. ಈ ಸ್ಪರ್ಧೆಯಲ್ಲಿ ನೆಲವೂ ಕೋವಿಯ ಒಂದು ಭಾಗ. ಆ ನೆಲವನ್ನು ಆರಿಸಿಕೊಳ್ಳುವ ಹಕ್ಕು ಶೂಟರ್‌ಗೆ ಇಲ್ಲ. ಅಲುಗುವ ನೆಲದ ಮೇಲೂ ನಿಲ್ಲಲು ಕಲಿಯುವ ಹಾದಿ ಮಾತ್ರ ಇದೆ. ಬಿಂದ್ರಾ ಕಂಡುಕೊಂಡದ್ದು ಅದನ್ನೇ.