2.40 ರೂಪಾಯಿಯ ಎಸ್ಸೆಮ್ಮೆಸ್ಸು ಹಲಾಲಾ?

ಗಜೇಂದ್ರಗಡದ ಬೇಕರಿಯೊಂದರಲ್ಲಿ ಚಾ ಕುಡಿಯುವಾಗ ನಮ್ಮ ಕಡೆಯ ಹುಡುಗನೊಬ್ಬ ಕೇಳಿದ: "ಉಸ್ತಾದ್, ಟಿವಿ ಕ್ವಿಝ್‌ಗೆ ಉತ್ತರ ಕಳಿಸಿ ದುಡ್ಡು ಗೆದ್ರೆ ಹಲಾಲಾ?"

ಮೊದಲು ಲೆಕ್ಕ ನೋಡು ಮಾರಾಯ ಎಂದೆ. 2007ರಲ್ಲಿ ಶಾರುಖ್ ಖಾನ್ ನಡೆಸಿದ 'ಕೌನ್ ಬನೇಗಾ ಕರೋಡ್‌ಪತಿ'ಯಲ್ಲಿ ಮನೆಯಲ್ಲಿ ಕೂತವರಿಗೂ ಒಂದು ಪ್ರಶ್ನೆ ಇತ್ತು. ಸರಿಯುತ್ತರ ಕಳಿಸಿದವರಲ್ಲಿ ಒಬ್ಬರಿಗೆ 2 ಲಕ್ಷ. ಒಂದು ಎಸ್ಸೆಮ್ಮೆಸ್ಸಿಗೆ 2.40 ರೂಪಾಯಿ, ಮಾಮೂಲಿ ದರಕ್ಕಿಂತ ಜಾಸ್ತಿ. ಬಂದದ್ದು ಸುಮಾರು 5.8 ಕೋಟಿ ಎಸ್ಸೆಮ್ಮೆಸ್ಸು! ಗುಣಿಸಿದರೆ ಹದಿಮೂರು ಕೋಟಿ ದಾಟುತ್ತದೆ. ಕೊಟ್ಟ ಬಹುಮಾನವೆಲ್ಲ ಸೇರಿ ಒಂದು ಕೋಟಿಯ ಆಸುಪಾಸು.

ಬಹುಮಾನದ ಹಣ ನೋಡುಗರ ಜೇಬಿನದ್ದೇ, ಅದನ್ನು ಮುಚ್ಚಿಟ್ಟರು ಎಂದು ದೂರು ಹೋಯಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಸ್ಟಾರ್, ಏರ್‌ಟೆಲ್ ಮೇಲೆ 1 ಕೋಟಿ ದಂಡ ಹಾಕಿತು. ಸುಪ್ರೀಂ ಕೋರ್ಟು ಮುಂದೆ ಪುರಾವೆ ಸಾಲದು ಅಂತ ಅದನ್ನು ರದ್ದು ಮಾಡಿತು.

ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಪ್ರಶ್ನೆ ಬೇರೆ. ಸೂರಾ ಅಲ್ ಮಾಇದಾದ 90ನೇ ಆಯತ್ತು ಜೂಜನ್ನು ಮದ್ಯದ ಜೊತೆಗೇ ಇಟ್ಟಿದೆ. ಎಲ್ಲರೂ ದುಡ್ಡು ಹಾಕಿ, ಅದೃಷ್ಟದಿಂದ ಒಬ್ಬನಿಗೆ ಸಿಕ್ಕರೆ ಅದಕ್ಕೆ ಬೇರೆ ಹೆಸರುಂಟಾ? ಪ್ರಾಯೋಜಕರು ತಮ್ಮ ಕಿಸೆಯಿಂದ ಕೊಟ್ಟು, ಉತ್ತರ ಕಳಿಸಲು ಹೆಚ್ಚಿನ ದರ ಇಲ್ಲದಿದ್ದರೆ ಮಾತು ಬೇರೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನು ಹನ್ನೊಂದು ಸಲ ಕಳಿಸಿದ್ದೆ ಉಸ್ತಾದ್" ಅಂದ. ಚಾದ ದುಡ್ಡು ನಾನೇ ಕೊಟ್ಟೆ.