ಚೆಲ್ಲಿಹೋದ ಶಕ್ತಿ: ‘ಡಿಸಿಪೇಷನ್’ ಎಂಬ ಪದದ ಕಥೆ

ಉಷ್ಣಶಾಸ್ತ್ರವನ್ನು ಓದುವವರಿಗೆ ‘ಡಿಸಿಪೇಷನ್’ ಎಂಬ ಆಂಗ್ಲ ಪದವು ಪರಿಚಿತವೇ. ಕುಡಿತ, ಜೂಜುಗಳಲ್ಲಿ ಪಿತ್ರಾರ್ಜಿತವನ್ನು ಕರಗಿಸುವ ದುಂದುಗಾರನ ನಡತೆಗೂ ಆಂಗ್ಲರಲ್ಲಿ ಇದೇ ಹೆಸರು. ಅವನಿಗೂ ಉಷ್ಣಕ್ಕೂ ಎಲ್ಲಿಯ ನಂಟು?

ಈ ಪದದ ಮೂಲ ಲ್ಯಾಟಿನ್. ‘ಡಿಸ್’ ಎಂದರೆ ಬೇರೆ ಬೇರೆಯಾಗಿ. ‘ಸುಪಾರೆ’ ಎಂದರೆ ಎಸೆಯುವುದು. ಎರಡೂ ಕೂಡಿದರೆ ದಿಕ್ಕುದಿಕ್ಕಿಗೆ ಚೆಲ್ಲುವುದು ಎಂದಾಗುತ್ತದೆ. ಮೋಡ ಚದುರಿದರೂ ಸೇನೆ ಚದುರಿದರೂ ಈ ಪದವು ಸಲ್ಲುತ್ತದೆ. ಹಣಕ್ಕೆ ಅನ್ವಯಿಸಿದಾಗ ಮಾತ್ರ ನಿಂದೆ ಬಂದು ಸೇರುತ್ತದೆ. ಕನ್ನಡದಲ್ಲಿಯೂ ನಾವು ‘ಹಣವನ್ನು ನೀರಿನಂತೆ ಚೆಲ್ಲಿದ’ ಎನ್ನುತ್ತೇವಷ್ಟೆ. ಹಾಗೆ ಚೆಲ್ಲಿದ ಹಣವು ನಾಶವಾಯಿತೆ? ಇಲ್ಲ; ಅದು ನೂರಾರು ಜೇಬುಗಳಲ್ಲಿ ಹಂಚಿಹೋಗಿದೆ. ಆದರೆ ಅದನ್ನು ಮತ್ತೆ ಕೂಡಿಸಿ ಒಂದು ಮನೆ ಕಟ್ಟಿಸಲು ಅವನಿಂದಾಗದು.

1852ರಲ್ಲಿ ಗ್ಲಾಸ್ಗೋವಿನ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಈ ಪದವನ್ನು ಶಕ್ತಿಗೆ ಅನ್ವಯಿಸಿದರು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು ಇವರೇ. ಇವರನ್ನು ಒಂದು ಸಮಸ್ಯೆ ಕೆಲವು ವರ್ಷಗಳಿಂದ ಕಾಡುತ್ತಿದ್ದಿತು. ಉಷ್ಣವು ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುವಾಗ ಯಂತ್ರವೊಂದನ್ನು ನಡುವೆ ಇಟ್ಟರೆ ಕೆಲಸ ದೊರೆಯುತ್ತದೆ. ಯಂತ್ರವಿಲ್ಲದೆ ಸುಮ್ಮನೆ ಹರಿದುಹೋದರೆ ಆ ಕೆಲಸವು ಏನಾಯಿತು? ಶಕ್ತಿಗೆ ನಾಶವಿಲ್ಲವೆಂದು ಜೂಲ್‌ರ ಪ್ರಯೋಗಗಳು ಸಾರುತ್ತಿದ್ದವು. ಥಾಮ್ಸನ್ನರು ಕಂಡುಕೊಂಡ ಉತ್ತರವಿದು: ಶಕ್ತಿಯು ನಾಶವಾಗಲಿಲ್ಲ, ಮನುಷ್ಯನ ಉಪಯೋಗಕ್ಕೆ ದಕ್ಕದಂತೆ ಚದುರಿತು.

ಬಚ್ಚಲುಮನೆಯಲ್ಲಿ ನಾವೂ ದಿನವೂ ಇದನ್ನೇ ಮಾಡುತ್ತೇವೆ. 80 ಡಿಗ್ರಿಯ ಒಂದು ಕಿಲೋಗ್ರಾಂ ನೀರನ್ನು 20 ಡಿಗ್ರಿಯ ಅಷ್ಟೇ ನೀರಿನೊಡನೆ ಬೆರೆಸಿದರೆ, ಹೊರಗೆ ಹೋಗುವ ಉಷ್ಣವನ್ನು ಬಿಟ್ಟು ಲೆಕ್ಕ ಹಾಕಿದಾಗ, 50 ಡಿಗ್ರಿಯ ಎರಡು ಕಿಲೋಗ್ರಾಂ ನೀರು ದೊರೆಯುತ್ತದೆ. ಶಕ್ತಿಯ ಲೆಕ್ಕ ಸರಿಹೋಯಿತು. ಆದರೆ ಬೆರೆಸುವ ಬದಲು ಇವೆರಡರ ನಡುವೆ ಆದರ್ಶ ಯಂತ್ರವೊಂದನ್ನು ನಡೆಸಿದ್ದರೆ ಎರಡೂ ಸುಮಾರು 48.6 ಡಿಗ್ರಿಗೆ ಬಂದು ನಿಲ್ಲುತ್ತಿದ್ದವು. ಉಳಿದ ಅಂಶವು ಸುಮಾರು 11,700 ಜೂಲ್‌ಗಳ ಕೆಲಸವಾಗಿ ನಮಗೆ ಸಿಗುತ್ತಿದ್ದಿತು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನನ್ನು 23 ಮೀಟರಿಗೂ ಮೇಲೆ, ಎಂದರೆ ಏಳಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ, ಎತ್ತಲು ಅಷ್ಟು ಸಾಕು! ಒಮ್ಮೆ ಬೆರೆತ ನೀರು ತಾನಾಗಿ ಬಿಸಿಯೂ ತಣ್ಣಗೂ ಆಗಿ ಬೇರ್ಪಡುವುದಿಲ್ಲ. ಬೇರ್ಪಡಿಸಬೇಕಾದರೆ ಕೆಲಸವನ್ನು ನಾವು ಹೊರಗಿನಿಂದ ತರಬೇಕು.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ‘ಘರ್ಷಣೆಯಿಂದ ಶಕ್ತಿ ನಾಶವಾಗುತ್ತದೆ’ ಎಂಬ ವಾಕ್ಯವನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಉಷ್ಣಶಾಸ್ತ್ರದ ಮೊದಲನೆಯ ನಿಯಮವನ್ನೇ ಅಲ್ಲಗಳೆಯುವ ವಾಕ್ಯವದು. ‘ಚದುರುತ್ತದೆ’ ಎಂದರೆ ಸರಿಯಾದೀತು. ‘ವಿಕಿರಣ’ ಎಂಬುದಕ್ಕೂ ಚೆಲ್ಲುವಿಕೆ ಎಂದೇ ಧಾತ್ವರ್ಥವಾದರೂ ಅದನ್ನು ಈಗಾಗಲೇ ಬೇರೊಂದು ಕ್ರಿಯೆಗೆ ಕೊಟ್ಟುಬಿಟ್ಟಿದ್ದೇವೆ. ನಮಗೆ ಹಿಡಿಸಿದ ಪದ ‘ವ್ಯಯ’. ಅದರಲ್ಲಿ ‘ವಿ’ ಎಂದರೆ ಬೇರೆಯಾಗಿ, ‘ಅಯ’ ಎಂದರೆ ಹೋಗುವಿಕೆ. ದುಂದುಗಾರನ ಖರ್ಚಿಗೂ ಬಚ್ಚಲಿನ ಬಿಸಿನೀರಿಗೂ ಅದು ಒಂದೇ ತೆರನಾಗಿ ಒಪ್ಪುತ್ತದೆ.