ಒಂದೇ ಅಕ್ಷರ, ಆರು ಚುಕ್ಕೆ!

'ಸ್ತ್ರೀ' ಎಂದು ಬರೆದು ನೋಡಿ. ಎಷ್ಟು ಅಕ್ಷರ? ಒಂದೇ! ಛಂದಸ್ಸು ಬಲ್ಲವರು ಇಡೀ ಪದಕ್ಕೆ ಒಂದು ಗುರು ಹಾಕಿ ಮುಂದೆ ಹೋಗುತ್ತಾರೆ.

ಈಗ ಲಿನಕ್ಸ್ ಟರ್ಮಿನಲ್ ತೆರೆಯಿರಿ. ಫೈಲಿನ ಒಂದು ಸಾಲಿನಲ್ಲಿ ಈ ಪದವೊಂದನ್ನೇ ಇಟ್ಟು, ಗ್ರೆಪ್ ಎಂಬ ಹುಡುಕಾಟದ ಕಮಾಂಡಿನ ಕೈಯಲ್ಲಿ ಹುಡುಕಿಸಿ. ಗ್ರೆಪ್ ಭಾಷೆಯಲ್ಲಿ ಒಂದು ಚುಕ್ಕೆ ಎಂದರೆ 'ಯಾವುದಾದರೂ ಒಂದು ಅಕ್ಷರ'. ಹಾಗಾದರೆ '^.$' ಸಾಕಲ್ಲವೇ? ಸಾಲಿನ ಆರಂಭ, ಒಂದು ಅಕ್ಷರ, ಸಾಲಿನ ಕೊನೆ.

ಎಂಟರ್ ಒತ್ತಿ. ಏನೂ ಬರಲಿಲ್ಲ! ಎರಡು ಚುಕ್ಕೆ ಕೊಡಿ. ಊಹೂಂ. ಮೂರು? ಅದೂ ಇಲ್ಲ!

ಎಷ್ಟು ಬೇಕು, ಊಹಿಸಿ ನೋಡೋಣ.

ಆರು! ಸ, ಹಲಂತ, ತ, ಮತ್ತೊಂದು ಹಲಂತ, ರ, ಕೊನೆಗೆ ಈಕಾರದ ಗುರುತು. ಯೂನಿಕೋಡ್ ಇವಕ್ಕೆಲ್ಲ ಬೇರೆ ಬೇರೆ ಸಂಕೇತ ಕೊಟ್ಟಿದೆ. ನಾವು ಬಾಲ್ಯದಿಂದ ತಿದ್ದಿದ ಒತ್ತಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಸಂಕೇತವೇ ಇಲ್ಲ! ಅವನ್ನು ಪರದೆಯ ಮೇಲೆ ಜೋಡಿಸಿ ತೋರಿಸುವುದು ಫಾಂಟಿನ ಕೆಲಸ. ಗ್ರೆಪ್‌ಗೆ ಫಾಂಟ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಸಾಲುಗಟ್ಟಿದ ಸಂಕೇತಗಳು ಮಾತ್ರ.

ಇನ್ನೂ ಇದೆ! ಭಾಷೆಯ ಸೆಟ್ಟಿಂಗನ್ನು ಹಳೆಯ 'ಸಿ' ಲೊಕೇಲ್‌ಗೆ ಬದಲಿಸಿ ನೋಡಿ. ಆಗ ಚುಕ್ಕೆ ಒಂದೊಂದು ಬೈಟನ್ನು ಎಣಿಸುತ್ತದೆ. ಅದೇ 'ಸ್ತ್ರೀ'ಗೆ ಈಗ 18 ಚುಕ್ಕೆ ಬೇಕು!

ಇದು ತಿಳಿದ ಮೇಲೆ ಎಷ್ಟೋ ಒಗಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. 'ಕಲ' ಎಂದು ಹುಡುಕಿದರೆ 'ಕಲ್ಲು' ಏಕೆ ಬಂತು? ಅಲ್ಲಿ ಕ ಇದೆ, ಪಕ್ಕದಲ್ಲೇ ಪೂರ್ತಿ ಲ ಇದೆ, ಹಲಂತ ಇರುವುದು ಆಮೇಲೆ! 'ಮರ' ಕೇಳಿದರೆ 'ಮರಿ', 'ಮರೆವು' ಎಲ್ಲವೂ ಹಾಜರ್!

ಅಂಕಿಗಳಲ್ಲೂ ಇದೇ ಮೋಜು. '7.5' ಹುಡುಕಿ, 725 ಕೂಡ ಬರುತ್ತದೆ, ಏಕೆಂದರೆ ಆ ಚುಕ್ಕೆ ದಶಾಂಶದ ಬಿಂದುವಲ್ಲ! ಮೈನಸ್ ದೊಡ್ಡ ಎಫ್ ಸೇರಿಸಿ, ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ. '5*' ಹುಡುಕಿ, ಐದೇ ಇಲ್ಲದ ಸಾಲುಗಳೂ ಸೇರಿ ಇಡೀ ಫೈಲೇ ಬರುತ್ತದೆ! ನಕ್ಷತ್ರದ ಅರ್ಥ 'ಎಷ್ಟು ಸಲವಾದರೂ', ಸೊನ್ನೆ ಸಲವೂ ಅದರಲ್ಲಿ ಸೇರಿದೆ. ಮೈನಸ್ ಸಣ್ಣ ಓ ಕೊಟ್ಟು ನೋಡಿ, ನಿಜವಾಗಿ ಸಿಕ್ಕ ಭಾಗವಷ್ಟೇ ಮೇಲೆ ಬರುತ್ತದೆ.

ಬೇಡದ್ದು ಬಂದರೆ ಸರಿ, ಸೋಸಿಕೊಳ್ಳಬಹುದು. ಕಣ್ಣೆದುರಿಗೆ ಇರುವುದೇ ಸಿಗದಿದ್ದರೆ?

ಎರಡು ಸಾಲು. ಎರಡರಲ್ಲೂ 'ಕೋಟೆ'. ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಾಣದು. ಗ್ರೆಪ್‌ಗೆ ಸಿಕ್ಕಿದ್ದು ಒಂದೇ!

ಕಾರಣ ಕೇಳಿ. 'ಕೋ'ದ ಓತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು. ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು! ಯೂನಿಕೋಡ್ ನಿಯಮದಂತೆ ಎರಡೂ ಸಮಾನ. ಒಂದು 'ಕೋಟೆ'ಗೆ 4 ಸಂಕೇತ, 12 ಬೈಟ್. ಅದರ ಅವಳಿಗೆ 6 ಸಂಕೇತ, 18 ಬೈಟ್! ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಫೈಲುಗಳ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಗ್ರೆಪ್ ತಾನಾಗಿ ಎರಡನ್ನೂ ಒಂದು ಮಾಡುವುದಿಲ್ಲ. ಹುಡುಕುವ ಮೊದಲು ಯುಕಾನ್ವ್ ಕಮಾಂಡಿನಿಂದ ಫೈಲನ್ನು ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತಂದುಬಿಡಿ, ಎರಡೂ ಸಿಗುತ್ತವೆ!

ಇನ್ನೊಬ್ಬ ಅದೃಶ್ಯ ಅತಿಥಿ ಇದ್ದಾನೆ. ಜೀರೋ ವಿಡ್ತ್ ನಾನ್ ಜಾಯ್ನರ್! ಅಗಲ ಸೊನ್ನೆ. 'ಸಾಫ್ಟ್‌ವೇರ್' ಎಂಬಲ್ಲಿ ವ ಒತ್ತಾಗದಂತೆ ತಡೆಯುವವನು ಅವನೇ. ಆದರೆ ಎಷ್ಟೋ ಕನ್ನಡ ಬರಹಗಳಲ್ಲಿ 'ಪೊಲೀಸ್' ಪದದ ತುದಿಯಲ್ಲಿ, ಖಾಲಿ ಜಾಗಕ್ಕೆ ಮೊದಲು, ಕೆಲಸವಿಲ್ಲದೆಯೂ ಕೂತಿರುತ್ತಾನೆ. ನೀವು 'ಪೊಲೀಸ್ ಠಾಣೆ' ಎಂದು ಹುಡುಕುತ್ತೀರಿ. ನೂರು ಕಡೆ ಇದ್ದರೂ ಒಂದೂ ಸಿಗುವುದಿಲ್ಲ!

ಹಿಡಿಯುವುದು ಹೇಗೆ? ಬೈಟ್‌ಗಳನ್ನು ಅಂಕಿಯಾಗಿ ತೋರಿಸುವ 'ಓಡಿ' ಎಂಬ ಪುಟ್ಟ ಕಮಾಂಡ್ ಇದೆ. ಆ ಸಾಲನ್ನು ಅದಕ್ಕೆ ಕೊಟ್ಟು, ಒಂದೊಂದು ಬೈಟನ್ನೂ ದಶಮಾನದಲ್ಲಿ ತೋರಿಸಲು ಹೇಳಿ. ಅಬ್ಬಾ, ಏನು ಅಚ್ಚುಕಟ್ಟು! ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224. ಎರಡನೆಯದು 178, ಇಲ್ಲವೇ 179. ಅ ಇಂದ ಳ ತನಕ, ಕಾಗುಣಿತ, ಅಂಕಿ, ಎಲ್ಲಕ್ಕೂ ಇದೇ ಕಟ್ಟು! ಈ 224ಗಳ ನಡುವೆ 226, 128, 140 ಕಂಡಿತೇ? ಸಿಕ್ಕಿಬಿದ್ದ, ಅವನೇ ನಾನ್ ಜಾಯ್ನರ್!

ಈಗ ನನ್ನನ್ನು ಕುಣಿಸಿದ ಸಂಗತಿ. ಗ್ರೆಪ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆಗ ಯೂನಿಕೋಡ್ ಇರಲೇ ಇಲ್ಲ! ಆದರೂ ಆ ಕಾಲದ ಹಾಗೆ ಬರಿಯ ಬೈಟ್‌ಗಳನ್ನು ಹೋಲಿಸುತ್ತ ಹೋದರೂ ಕನ್ನಡ ಪದ ಸರಿಯಾಗಿ ಸಿಗುತ್ತದೆ. ಒಂದು ಅಕ್ಷರದ ನಡುವಿನಿಂದ ಇನ್ನೊಂದು ಅಕ್ಷರ ಶುರುವಾದಂತೆ ಎಂದೂ ಭ್ರಮೆಯಾಗದು!

ಈ ಪವಾಡ ಯುಟಿಎಫ್-8 ಎಂಬ ವ್ಯವಸ್ಥೆಯದು. ಅದರಲ್ಲಿ ಅಕ್ಷರದ ಮೊದಲ ಬೈಟ್ ಎಂದೂ 128ರಿಂದ 191ರ ನಡುವೆ ಬರುವುದಿಲ್ಲ. ನಂತರದ ಬೈಟ್‌ಗಳು ಆ ಗಡಿ ದಾಟುವುದಿಲ್ಲ. ಅಷ್ಟೇ ನಿಯಮ!

1992ರ ಸೆಪ್ಟೆಂಬರಿನ ಒಂದು ರಾತ್ರಿ, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದರ ನಕ್ಷೆ ಗೀಚಲಾಯಿತು. ಎದುರಿಗೆ ಕೂತಿದ್ದವರು ಅದೇ ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್. ಕೆಲವೇ ದಿನಗಳಲ್ಲಿ ಅವರ ಪ್ಲಾನ್ 9 ಆಪರೇಟಿಂಗ್ ಸಿಸ್ಟಂ ಇಡಿಯಾಗಿ ಹೊಸ ವ್ಯವಸ್ಥೆಗೆ ಬದಲಾಗಿತ್ತು!

ಗೀಚಿದವರು ಯಾರು, ಹೇಳಿ? ಕೆನ್ ಥಾಂಪ್ಸನ್!

1973ರಲ್ಲಿ ಗ್ರೆಪ್ ಬರೆದವರು? ಅವರೇ! ಅದೇ ಕೆನ್ ಥಾಂಪ್ಸನ್!